ಬಾಗಿಲ ಹೊರಗೆ ನಿಂತ ಮೇಷ್ಟ್ರು

ಇವತ್ತು ಐದೂವರೆಗೆ ಎದ್ದು ನಲ್ಲಿ ನೀರು ಹಿಡಿದೆ. ಮೂರು ದಿನಕ್ಕೊಮ್ಮೆ ಬರುವ ನೀರಾದ್ದರಿಂದ ಡ್ರಮ್ಮು, ಕೊಡ, ಬಕೆಟ್ಟು, ಕೊನೆಗೆ ಇಡ್ಲಿ ಪಾತ್ರೆಯನ್ನೂ ತುಂಬಿಸಿದ್ದಾಯಿತು. ಅತ್ತೆಗೆ ಬಿ.ಪಿ. ಮಾತ್ರೆ ಕೊಟ್ಟೆ. ಚಪಾತಿ ಲಟ್ಟಿಸಿ, ಬದನೆಕಾಯಿ ಪಲ್ಯ ಮಾಡಿ ಮೂರು ಡಬ್ಬಿಗೆ ಹಾಕಿದೆ. ಯಜಮಾನರ ಬೀಜದಂಗಡಿಯ ಬೀಗದ ಕೈ ಹುಡುಕಿಕೊಟ್ಟೆ. ಅದು ಎಂದಿನಂತೆ ಅವರ ಜೇಬಿನಲ್ಲೇ ಇತ್ತು. ಎಂಟು ಗಂಟೆಯ ಬಸ್ಸಿಗೆ ಸೊರಬಕ್ಕೆ ಹೋದೆ. ಬರುವಾಗ ಒಂದು ಕಾಗದವನ್ನು ಬಸ್ಸಿನಲ್ಲಿದ್ದವರಿಗೆಲ್ಲ ಕೇಳುವಂತೆ ಗಟ್ಟಿಯಾಗಿ ಓದಿದೆ. ಐದಕ್ಕೆ ಹತ್ತು ನಿಮಿಷವಿರುವಾಗ ಆ ಕಾಗದಕ್ಕೆ ಆಫೀಸಿನ ರಿಜಿಸ್ಟರಿನಲ್ಲಿ ನಂಬರು ಹಾಕಿದೆ. ಮನೆಗೆ ಬರುವ ದಾರಿಯಲ್ಲಿ ಕರಿಬೇವು ತಂದೆ.

ಬಸ್ಸಿನಲ್ಲಿ ಕಾಗದ ಓದಿದ್ದೊಂದು ಬಿಟ್ಟರೆ ಉಳಿದದ್ದೆಲ್ಲ ಯಾರ ಮನೆಯಲ್ಲಾದರೂ ನಡೆಯುವಂಥದ್ದೇ. ಅದು ಯಾಕೆ ನಡೆಯಿತು ಎಂದು ಹೇಳಬೇಕಾದರೆ ನಮ್ಮ ಬರವಣಿಗೆ ಮೇಷ್ಟ್ರ ವಿಷಯ ಹೇಳಬೇಕು.

ನಾನು ಶಿಕಾರಿಪುರದ ಒಂದು ಪದವಿ ಕಾಲೇಜಿನಲ್ಲಿ ಟಪಾಲು ನೋಡಿಕೊಳ್ಳುವ ಗುಮಾಸ್ತೆ. ಬಂದ ಕಾಗದಕ್ಕೆ ನಂಬರು, ಹೋದ ಕಾಗದಕ್ಕೆ ನಂಬರು, ಎರಡಕ್ಕೂ ಸೀಲು. ಮೇಷ್ಟ್ರು ನಮ್ಮಲ್ಲಿ ಅತಿಥಿ ಉಪನ್ಯಾಸಕರಾಗಿದ್ದರು. ಸೊರಬದಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದರು. ವಯಸ್ಸು ಐವತ್ತು ದಾಟಿತ್ತು. ಷರಟಿನ ಜೇಬಿನಲ್ಲಿ ಎರಡು ಪೆನ್ನು: ಒಂದು ಬರೆಯಲು, ಇನ್ನೊಂದು ಯಾರಾದರೂ ಕೇಳಿದರೆ ‘ಇಲ್ಲ’ ಎನ್ನಬಾರದು ಎಂದು. ಅವರಿಗೆ ಕೊಟ್ಟಿದ್ದು ಒಂದೇ ವಿಷಯ, ‘ಬರವಣಿಗೆ ಕೌಶಲ’. ಅದಕ್ಕೆ ಹದಿನೈದು ಜನ ವಿದ್ಯಾರ್ಥಿಗಳು ಇರಬೇಕು, ಅವರು ತರಗತಿಗೆ ಬರುತ್ತಲೂ ಇರಬೇಕು. ಹದಿನೈದಕ್ಕೆ ಒಬ್ಬರು ಕಡಿಮೆಯಾದರೂ ಕೋರ್ಸು ಮುಚ್ಚುತ್ತದೆ, ಕೋರ್ಸು ಮುಚ್ಚಿದರೆ ಮೇಷ್ಟ್ರು ಮನೆಗೆ. ಇದು ಪ್ರಿನ್ಸಿಪಾಲರಿಗೆ ಗೊತ್ತಿತ್ತು, ನನಗೆ ಗೊತ್ತಿತ್ತು, ಗೇಟಿನ ಹತ್ತಿರ ಪೇರಲೆಹಣ್ಣು ಮಾರುವ ಅಜ್ಜಿಗೂ ಗೊತ್ತಿತ್ತು. ಮೇಷ್ಟ್ರಿಗೂ ಗೊತ್ತಿತ್ತು. ಆದರೆ ಅವರಿಗೆ ಅದಕ್ಕಿಂತ ಮುಖ್ಯವಾದದ್ದು ಬೇರೆ ಇತ್ತು.

ಅದು ನಿಯಮಗಳು.

ಮೊದಲ ದಿನ ಹುಡುಗರಿಗೆ ಹಂಚಲು ಅವರು ತಂದದ್ದು ಒಂದೇ ಹಾಳೆ. ಮೇಲೆ ‘ವಿದ್ಯಾರ್ಥಿಗಳಿಂದ ನಿರೀಕ್ಷೆಗಳು ಮತ್ತು ನಿಯಮಗಳು’ ಎಂದಿತ್ತು. ದಸರೆಯ ಹೊತ್ತಿಗೆ ಅದು ಐದು ಹಾಳೆಯಾಗಿ, ಪಿನ್ನು ಸಾಲದೆ ದಾರ ಹಾಕಿ ಹೊಲಿದುಕೊಂಡಿದ್ದರು. ನಾನೇ ಟೈಪು ಮಾಡಿಕೊಟ್ಟಿದ್ದರಿಂದ ಅರ್ಧದಷ್ಟು ಈಗಲೂ ಬಾಯಿಗೆ ಬರುತ್ತದೆ. ತರಗತಿಗೆ ಬಾರದವರು ಬಾರದ ಕಾರಣವನ್ನು ಒಂದು ಪುಟ ಬರೆದು ಕೊಡಬೇಕು. ‘ಅನಿವಾರ್ಯ ಕಾರಣಗಳಿಂದ’ ಎಂದು ಬರೆಯುವಂತಿಲ್ಲ. ತಲೆನೋವು ಎಂದರೆ ತಲೆಯ ಯಾವ ಕಡೆ, ಶುರುವಾದಾಗ ಕೈಯಲ್ಲಿ ಏನಿತ್ತು ಎಂದು ಹೇಳಬೇಕು. ಒಬ್ಬ ವಿದ್ಯಾರ್ಥಿಗೆ ಒಂದು ಸೆಮಿಸ್ಟರಿನಲ್ಲಿ ಒಬ್ಬ ಅಜ್ಜಿ ಮಾತ್ರ ತೀರಿಕೊಳ್ಳಬಹುದು. ಬರೆದದ್ದಕ್ಕೆ ಹತ್ತಕ್ಕೆ ಇಷ್ಟು ಎಂದು ಅಂಕ. ಸುಳ್ಳು ಸಿಕ್ಕರೆ ಒಂದು ಸುಳ್ಳಿಗೆ ಎರಡು ಅಂಕ ಕಡಿತ. ಅಂಕದ ಬಗ್ಗೆ ಜಗಳ ಮಾಡುವಂತಿಲ್ಲ.

ಎಲ್ಲಕ್ಕಿಂತ ಉದ್ದದ್ದು ತಡವಾಗಿ ಬರುವವರ ನಿಯಮ. ಹತ್ತು ನಿಮಿಷಕ್ಕಿಂತ ತಡವಾದರೆ ಬಾಗಿಲ ಹೊರಗೆ ನಿಂತು ಕಾರಣ ಬರೆಯಬೇಕು. ಒಳಗಿದ್ದವರ ಹೆಸರಿನ ಚೀಟಿ ಎತ್ತಿ, ಯಾರ ಹೆಸರು ಬಂತೋ ಅವರು ಅದನ್ನು ಎಲ್ಲರಿಗೂ ಓದಿ ಅಂಕ ಕೊಡಬೇಕು. ನಾಲ್ಕು ಬಂದರೆ ಒಳಗೆ. ಬಾರದಿದ್ದರೆ ಮತ್ತೆ ಬರೆದು, ಅದೇ ವ್ಯಕ್ತಿಯಿಂದ ನಾಲ್ಕು ಪಡೆಯುವ ತನಕ ಹೊರಗೇ. ‘ಈ ನಿಯಮ ತರಗತಿಗೆ ಬರುವ ಎಲ್ಲರಿಗೂ ಅನ್ವಯಿಸುತ್ತದೆ’ ಎಂದು ಕೊನೆಗೆ ಬರೆಸಿದ್ದರು.

“ಸಾರ್, ಹುಡುಗರಿಗೆ ಅಂತ ಹಾಕಲಾ?” ಎಂದು ಟೈಪು ಮಾಡುವಾಗ ಕೇಳಿದ್ದೆ.

“ಎಲ್ಲರಿಗೂ ಅಂತ್ಲೇ ಇರ್ಲಿ ರೀ. ನಾಳೆ ಬಾಗ್ಲಲ್ಲಿ ಯಾರು ಬಂದು ನಿಲ್ತಾರೋ ಯಾರಿಗ್ಗೊತ್ತು?”

ಕಾರಣದ ಕಾಗದಗಳಿಗೆಲ್ಲ ಇನ್‌ವರ್ಡ್ ನಂಬರು, ಸೀಲು ಬೇಕೆಂದು ಇನ್ನೊಂದು ನಿಯಮ. “ಸೀಲ್ ಬಿದ್ದ ಮೇಲೆ ಮನುಷ್ಯ ತಾನು ಬರೆದಿದ್ದನ್ನ ಇನ್ನೊಂದ್ ಸಲ ನೋಡ್ತಾನೆ” ಎನ್ನುತ್ತಿದ್ದರು. ಹೀಗಾಗಿ ಅವರ ಹದಿನೈದು ಜನ ಬರೆದದ್ದೆಲ್ಲ ಮೊದಲು ನನ್ನ ಮೇಜಿಗೆ ಬರುತ್ತಿತ್ತು. ವಿಶ್ವವಿದ್ಯಾಲಯದ ಸುತ್ತೋಲೆಗಳ ನಡುವೆ ನಾನು ಅವನ್ನು ಬಿಡದೆ ಓದುತ್ತಿದ್ದೆ. ಮಧ್ಯಾಹ್ನದ ಊಟಕ್ಕೆ ಅವು ಉಪ್ಪಿನಕಾಯಿಯ ಹಾಗೆ ಇರುತ್ತಿದ್ದವು.

ಒಬ್ಬ ‘ನನ್ನ ಊರು’ ಎಂಬ ಪ್ರಬಂಧವನ್ನು ಮೊಬೈಲಿನಿಂದ ಬರೆಸಿಕೊಂಡು ತಂದಿದ್ದ. ಅದರಲ್ಲಿ ಶಿಕಾರಿಪುರದ ಮೇಲೆ ಸಂಜೆಯ ಕಡಲಗಾಳಿ ಬೀಸುತ್ತಿತ್ತು. ಮೇಷ್ಟ್ರು ಬೈಯಲಿಲ್ಲ. “ಕಡಲು ಇರೋದು ನನಗೆ ಗೊತ್ತಿರ್ಲಿಲ್ಲಪ್ಪ. ಹೋಗಿ ಎಲ್ಲಿದೆ ನೋಡ್ಕೊಂಡು ಬಾ. ಕಾಯ್ತೀನಿ” ಎಂದು ಆ ಕ್ಷಣವೇ ಕಳಿಸಿದರು. ಅವನು ಊರೆಲ್ಲ ಸುತ್ತಿ, ಹುಚ್ಚರಾಯನ ಕೆರೆ ಏರಿಯ ಮೇಲೆ ಕೂತು, ‘ಕಡಲು ಸಿಗಲಿಲ್ಲ, ಕೆರೆಯಲ್ಲಿ ಒಬ್ಬರು ಎಮ್ಮೆ ತೊಳೆಯುತ್ತಿದ್ದರು, ಎಮ್ಮೆಗೆ ನೀರಿನಿಂದ ಎದ್ದು ಬರಲು ಇಷ್ಟವಿರಲಿಲ್ಲ’ ಎಂದು ಬರೆದು ತಂದ. ಅದಕ್ಕೆ ಏಳು ಅಂಕ ಬಂತು. ಎಮ್ಮೆಗೆ ಇಷ್ಟವಿರಲಿಲ್ಲ ಎನ್ನುವುದು ಹೇಗೆ ಗೊತ್ತಾಯಿತು ಎಂದು ಹಾಳೆಯ ಅಂಚಿನಲ್ಲಿ ಕೆಂಪು ಶಾಯಿಯ ಪ್ರಶ್ನೆಯೂ ಬಂತು.

ಆ ಹದಿನೈದು ಜನರಲ್ಲಿ ಹಾಲಮ್ಮ ಎಂಬ ಹುಡುಗಿಯಿದ್ದಳು. ಈಸೂರಿನ ಕಡೆಯವಳು. ಮನೆಯವರು ಎರಡು ಎಕರೆ ಜೋಳ ಬೆಳೆದು, ಉಳಿದ ದಿನ ಕುರಿಮಂದೆ ಹೊಡೆದುಕೊಂಡು ಊರೂರು ತಿರುಗುವವರು. ಅವಳು ತರಗತಿಯಲ್ಲಿ ಬಾಯಿ ಬಿಟ್ಟದ್ದನ್ನು ಯಾರೂ ನೋಡಿರಲಿಲ್ಲ. ಒಂದು ದಿನ ಬರಲಿಲ್ಲ, ಮರುದಿನ ಕಾಗದ ತಂದಳು. ‘ನಿನ್ನೆ ಬಸ್ಸಿಗೆ ಹೊರಟಾಗ ಒಂದು ಕುರಿ ಮರಿ ಹಾಕಿತು. ಮರಿ ಎದ್ದು ನಿಂತಿತು, ಬಿತ್ತು. ಎರಡನೇ ಸಲ ನಿಂತಿತು, ಬಿತ್ತು. ಮೂರನೇ ಸಲ ನಿಲ್ಲುವಷ್ಟರಲ್ಲಿ ಬಸ್ಸು ಹೋಗಿತ್ತು. ನಾನು ಹೋಗಿದ್ದರೂ ಅದು ನಿಲ್ಲುತ್ತಿತ್ತು. ಆದರೆ ನಾನು ನೋಡುತ್ತಿರಲಿಲ್ಲ.’

ಮೇಷ್ಟ್ರು ನನ್ನ ಮೇಜಿನ ಮುಂದೆ ನಿಂತು ಮೂರು ಸಲ ಓದಿದರು. ಕನ್ನಡಕ ತೆಗೆದು ಒರೆಸಿದರು. ಒಂಬತ್ತು ಅಂಕ ಹಾಕಿದರು.

“ಒಂದು ಯಾಕೆ ಕಮ್ಮಿ ಸಾರ್?”

“ಅದು ಮರೀಗೆ” ಎಂದರು.

ಎಡವಟ್ಟು ಶುರುವಾದದ್ದು ಅಲ್ಲಿಂದ. ದಿನಾ ಬಂದು ಕೂತವರಿಗೆ ಹಾಜರಿಗೆಂದು ಒಂದು ಅಂಕ. ಬಾರದೆ ಚೆನ್ನಾಗಿ ಬರೆದವರಿಗೆ ಒಂಬತ್ತು. ಹುಡುಗರು ದಡ್ಡರಲ್ಲ. ಒಬ್ಬೊಬ್ಬರಾಗಿ ಬರುವುದನ್ನು ಬಿಟ್ಟು ಬರೆಯತೊಡಗಿದರು. ಎಂದೂ ತಪ್ಪಿಸದ ಒಬ್ಬಳು ಕಣ್ಣಲ್ಲಿ ನೀರು ಹಾಕಿಕೊಂಡು ಬಂದಳು.

“ಸಾರ್, ನಂಗೂ ಒಂದಿನ ರಜ ಕೊಡ್ರಿ.”

“ಕಾರಣ ಏನಮ್ಮ?”

“ಕಾರಣ ಹುಡುಕ್ಕೊಳ್ಳಾಕೆ, ಸಾರ್.”

ಮೇಷ್ಟ್ರು ಸ್ವಲ್ಪ ಹೊತ್ತು ಯೋಚಿಸಿ, ಇದು ನಿಜವಾದ ಕಾರಣವೇ ಎಂದು ತೀರ್ಮಾನಿಸಿ ಕೊಟ್ಟರು.

ಕಾಗದಗಳು ದಿನದಿನಕ್ಕೆ ಚೆನ್ನಾದವು. ಬೆಂಚುಗಳು ಖಾಲಿಯಾದವು. ಮೇಷ್ಟ್ರು ಮಾತ್ರ ಗಂಟೆ ಹೊಡೆದ ಕೂಡಲೇ ಹೋಗಿ, ಹದಿನೈದು ಹೆಸರನ್ನೂ ಒಂದೊಂದಾಗಿ ಕರೆದು, ಪ್ರತಿ ಹೆಸರಿಗೂ ನಿಂತು ಕಾದು, “ಬಂದಿಲ್ಲ” ಎಂದು ತಾವೇ ಹೇಳಿ ಗುರುತು ಹಾಕುತ್ತಿದ್ದರು. ಆಮೇಲೆ ಬಂದ ಕಾಗದಗಳನ್ನು ಖಾಲಿ ಬೆಂಚುಗಳಿಗೆ ಗಟ್ಟಿಯಾಗಿ ಓದುತ್ತಿದ್ದರು. ಕಾಗದವನ್ನು ತರಗತಿಯಲ್ಲಿ ಓದಬೇಕೆಂಬ ನಿಯಮವಿತ್ತಲ್ಲ! ಪಕ್ಕದ ಕೋಣೆಯ ಅರ್ಥಶಾಸ್ತ್ರದವರು ತಮ್ಮ ಪಾಠ ನಿಲ್ಲಿಸಿ ಕಿಟಕಿಗೆ ಕಿವಿ ಕೊಟ್ಟು ಕೇಳುತ್ತಿದ್ದರು.

ಪ್ರಿನ್ಸಿಪಾಲರು ಒಳ್ಳೆಯವರು, ಪುಕ್ಕಲು. ಮೇಷ್ಟ್ರನ್ನು ಕರೆಸಿ ಕೂರಿಸಿಕೊಂಡರು. ನಾನು ಸಹಿಗೆ ಕಡತ ಹಿಡಿದು ನಿಂತಿದ್ದೆ.

“ಏನ್ರೀ ಇದು, ನಿಮ್ ಕ್ಲಾಸಲ್ಲಿ ನರಪಿಳ್ಳೆ ಇಲ್ಲ!”

“ಎಲ್ಲರೂ ಬರೀತಿದಾರೆ ಸಾರ್. ಬರವಣಿಗೆ ಕೋರ್ಸೇ ತಾನೆ?”

“ಬರೀಲಿ ಮಾರಾಯ್ರೆ, ಬೇಡ ಅಂದೋರ್ಯಾರು? ಹಾಜರಿ ಹಾಕ್ಬಿಡಿ. ಮುಂದಿನ ತಿಂಗ್ಳು ತಪಾಸಣೆಯವರು ಬರ್ತಾರೆ. ರಿಜಿಸ್ಟರ್ ನೋಡಿದ್ರೆ ಕೋರ್ಸ್ ತೆಗೀತಾರೆ, ನಿಮ್ಮನ್ನೂ ತೆಗೀತಾರೆ.”

“ಕೂರದೇ ಇರೋರನ್ನ ಕೂತಿದ್ರು ಅಂತ ಹಾಕಿದ್ರೆ ಅದು ಕಥೆ ಆಗುತ್ತೆ ಸಾರ್. ಕಥೆ ಮುಂದಿನ ಸೆಮಿಸ್ಟರಿಗೆ ಇಟ್ಕೊಂಡಿದೀನಿ.”

ಪ್ರಿನ್ಸಿಪಾಲರು ನನ್ನ ಮುಖ ನೋಡಿದರು. ನಾನು ಕಡತ ನೋಡಿದೆ.

ಕೊನೆಗೆ ನಾನೇ ಹದಿನೈದು ಮನೆಗೂ ಫೋನು ಮಾಡಿದೆ. ತಪಾಸಣೆಯ ದಿನ ಬರದಿದ್ದರೆ ಮೇಷ್ಟ್ರ ಕೆಲಸ ಹೋಗುತ್ತದೆ ಎಂದು ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರಿಗೆ ಅದು ಗೊತ್ತೇ ಇರಲಿಲ್ಲ. ಪಾಪ, ತಾವು ಬರೆಯುವುದು ಮೇಷ್ಟ್ರಿಗೆ ಇಷ್ಟ ಎಂದಷ್ಟೇ ತಿಳಿದುಕೊಂಡಿದ್ದರು. ಆ ದಿನ ಹತ್ತೂಕಾಲಿಗೇ ಹದಿನೈದು ಜನವೂ ಬಂದು ಬೆಂಚಿನಲ್ಲಿ ಕೂತಿದ್ದರು. ಹುಡುಗಿಯರು ಹೂ ಮುಡಿದಿದ್ದರು. ಹತ್ತೂವರೆಗೆ ಗಂಟೆ ಹೊಡೆದಾಗ ಪ್ರಿನ್ಸಿಪಾಲರು ತಪಾಸಣೆಯ ಇಬ್ಬರನ್ನು ಕರೆತಂದು ಹಿಂದಿನ ಬೆಂಚಿನಲ್ಲಿ ಕೂರಿಸಿದರು. ನಾನು ಬಾಗಿಲ ಹತ್ತಿರ ನಿಂತಿದ್ದೆ. ಬಾರದಿದ್ದವರು ಮೇಷ್ಟ್ರು ಒಬ್ಬರೇ.

ಇಲ್ಲೊಂದು ಮಾತು ಹೇಳಿಬಿಡಬೇಕು. ಆವತ್ತು ಒಂಬತ್ತೂವರೆಗೆ ಅಂಚೆ ಕಚೇರಿಗೆ ಹೋಗುವಾಗ ನಾನು ಅವರನ್ನು ನಮ್ಮ ಬಸ್ ಸ್ಟ್ಯಾಂಡಿನಲ್ಲಿ ನೋಡಿದ್ದೆ. ಕಲ್ಲುಬೆಂಚಿನ ಮೇಲೆ ಕೂತು ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಿನ್ನುತ್ತಿದ್ದರು. ಕಾಲೇಜಿಗೆ ಅಲ್ಲಿಂದ ಹತ್ತು ನಿಮಿಷದ ದಾರಿ. ತಿಂಡಿ ಆಗಿಲ್ಲವೇನೋ, ಮಾತಾಡಿಸಿದರೆ ಮುಜುಗರ ಎಂದು ಹಾಗೇ ಹೋಗಿದ್ದೆ.

ಹತ್ತೂ ಐವತ್ತೈದಕ್ಕೆ ಬಂದರು. ಬಾಗಿಲ ತನಕ ಬಂದು ನಿಂತುಬಿಟ್ಟರು. ಪ್ರಿನ್ಸಿಪಾಲರು ಕೈಯಾಡಿಸಿ ಕರೆದರು. ಹಲ್ಲು ಕಚ್ಚಿಕೊಂಡು, “ಬರ್ರೀ ಒಳಗೆ” ಎಂದರು. ಮೇಷ್ಟ್ರು ಗಡಿಯಾರ ತೋರಿಸಿದರು. ಆಮೇಲೆ ಗೋಡೆಗೆ ಹಾಳೆ ಇಟ್ಟುಕೊಂಡು ಬರೆಯತೊಡಗಿದರು. ತಪಾಸಣೆಯವರು ಇದು ಯಾವುದೋ ಹೊಸ ಬೋಧನಾ ಕ್ರಮವೆಂದು ತಿಳಿದು ಟಿಪ್ಪಣಿ ಮಾಡಿಕೊಂಡರು. ಬರೆದು ಮುಗಿಸಿ ಮೇಷ್ಟ್ರು ಕಾಗದವನ್ನು ನನ್ನ ಕೈಗೆ ಕೊಟ್ಟರು. ನಾನು ಆಫೀಸಿಗೆ ಓಡಿ ನಂಬರು ಹಾಕಿ, ಸೀಲು ಒತ್ತಿ, ತಂದು ಒಳಗೆ ಕೊಟ್ಟೆ. ಹುಡುಗರು ಚೀಟಿ ಎತ್ತಿದರು. ಹಾಲಮ್ಮನ ಹೆಸರು ಬಂತು.

ಅವಳು ಎದ್ದು ಓದಿದಳು: ‘ಅನಿವಾರ್ಯ ಕಾರಣಗಳಿಂದ ತರಗತಿಗೆ ಇಪ್ಪತ್ತೈದು ನಿಮಿಷ ತಡವಾಗಿ ಬಂದಿರುತ್ತೇನೆ. ದಯವಿಟ್ಟು ಮನ್ನಿಸಬೇಕಾಗಿ ವಿನಂತಿ.’

ಪ್ರಿನ್ಸಿಪಾಲರು ಅವಳ ಕಡೆ ನೋಡಿ ಹತ್ತೂ ಬೆರಳು ಬಿಡಿಸಿ ತೋರಿಸಿದರು. ಆ ಹುಡುಗಿ ಕಾಗದವನ್ನು ತಿರುಗಿಸಿ ಹಿಂದೆ ಏನಾದರೂ ಇದೆಯೇ ಎಂದು ನೋಡಿದಳು. ಏನೂ ಇರಲಿಲ್ಲ.

“ಮೂರು, ಸಾರ್” ಎಂದಳು.

“ಏನಮ್ಮಾ, ಮೇಷ್ಟ್ರಿಗೇ ಮಾರ್ಕ್ಸ್ ಹಾಕ್ತೀಯಾ?” ಎಂದು ತಪಾಸಣೆಯವರೊಬ್ಬರು ನಕ್ಕರು.

ಮೇಷ್ಟ್ರು ಕಿಟಕಿಯಿಂದ ಇಣುಕಿ, “ಸರಿಯಾಗಿದೆ ಸಾರ್. ಮೂರು ಸ್ವಲ್ಪ ಜಾಸ್ತಿನೇ. ಅಕ್ಷರ ದುಂಡಗಿದೆ ಅಂತ ಒಂದು ಸೇರಿಸಿರ್ಬೇಕು” ಎಂದರು. ಚೀಲ ಹೆಗಲಿಗೆ ಹಾಕಿಕೊಂಡು ಹೊರಟೇ ಹೋದರು. ತಪಾಸಣೆಯವರು ‘ವಿದ್ಯಾರ್ಥಿಗಳು ಹಾಜರಿದ್ದರು, ಉಪನ್ಯಾಸಕರು ಹಾಜರಿರಲಿಲ್ಲ’ ಎಂದು ಬರೆದು ಹೋದರು. ಕೋರ್ಸು ನಿಂತಿತು.

ಹಾಲಮ್ಮ ಅವತ್ತಿನಿಂದ ಆಫೀಸಿನ ಮುಂದೆ ಹಾಯುವಾಗ ತಲೆ ತಗ್ಗಿಸಿಕೊಂಡು ಹೋಗುತ್ತಿದ್ದಳು.

ಇದೆಲ್ಲ ಹೋದ ವರ್ಷದ ಮಾತು. ಈ ವರ್ಷ ಅದೇ ಕೋರ್ಸು ಮತ್ತೆ ಮಂಜೂರಾಯಿತು. ಯಾರು ಕಲಿಸುತ್ತಾರೆಂಬ ಪಟ್ಟಿ ಇವತ್ತು ಸಂಜೆ ಐದರೊಳಗೆ ಹೋಗಬೇಕಿತ್ತು. ಪ್ರಿನ್ಸಿಪಾಲರು ವಾರದಿಂದ ಮೇಷ್ಟ್ರಿಗೆ ಫೋನು ಮಾಡುತ್ತಿದ್ದರು. ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ಫೋನು ಆರಿಸಿಡುವುದು ಅವರ ನಿಯಮ. ಐದರ ಮೇಲೆ ಪ್ರಿನ್ಸಿಪಾಲರಿಗೆ ಮಾಡಲು ನೆನಪಿರುವುದಿಲ್ಲ. ನಿನ್ನೆ ನನ್ನನ್ನು ಕರೆದು, “ನೀವೇ ಹೋಗ್ಬನ್ನಿ ತಾಯಿ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸ್ಕೊಂಡು ಬನ್ನಿ. ಬರ್ಲಿಲ್ಲ ಅಂದ್ರೆ ಬೇರೆಯವರ ಹೆಸರು ಹಾಕ್ಬೇಕಾಗುತ್ತೆ” ಎಂದರು.

ಸೊರಬದ ತಾಲ್ಲೂಕು ಕಚೇರಿಯೆದುರು ಮೇಷ್ಟ್ರು ಒಂದು ಮೇಜು ಹಾಕಿಕೊಂಡು ಅರ್ಜಿ ಬರೆದುಕೊಡುತ್ತಾರೆಂದು ಕೇಳಿದ್ದೆ. ಅಲ್ಲಿ ಅರ್ಜಿ ಬರೆಯುವವರು ನಾಲ್ಕು ಜನ ಇದ್ದಾರೆ. ಮೂರು ಮೇಜಿನ ಮುಂದೆ ಒಬ್ಬೊಬ್ಬರು. ಮೇಷ್ಟ್ರ ಮುಂದೆ ಸಾಲು. ಅವರು ಬರೆದ ಅರ್ಜಿ ಬಂದರೆ ಕಚೇರಿಯೊಳಗಿನವರು ಒಬ್ಬರಿಗೊಬ್ಬರು ಕೊಟ್ಟು ಓದುತ್ತಾರಂತೆ, ಹಾಗಾಗಿ ಕೆಲಸ ಬೇಗ ಆಗುತ್ತದಂತೆ. ನಾನು ಹೋದಾಗ ವಯಸ್ಸಾದ ರೈತರೊಬ್ಬರು ಪಹಣಿಯಲ್ಲಿ ಹೆಸರು ತಿದ್ದಿಸಲು ಕೂತಿದ್ದರು.

“ಇದು ಎಷ್ಟನೇ ಸಲ ಬರ್ತಿರೋದು ನೀವು?”

“ಏಳನೇ ಸಲ ಅಯ್ಯ.”

“ಮೊದಲನೇ ಸಲ ಬಂದಾಗ ಯಾವ ಅಂಗಿ ಹಾಕಿದ್ರಿ?”

“ಅಂಗಿ ಯಾಕೆ ಮಾರಾಯ್ರೆ ಪಹಣಿಗೆ?”

“ಈಗ ಹಾಕಿರೋದು ಹೊಸದಾ?”

“ಇದೇ ಅಂಗೀಲೆ ಬಂದಿದ್ದು. ಆಗ ಹೊಸ್ತಿತ್ತು” ಎಂದು ಆ ರೈತರು ತೋಳು ಎತ್ತಿ ತೋರಿಸಿದರು. ಕಂಕುಳಲ್ಲಿ ಹರಿದಿತ್ತು. ಮೇಷ್ಟ್ರು ಬರೆದುಕೊಂಡರು.

ಅವರು ಎದ್ದು ಹೋದ ಮೇಲೆ ನಾನು ಕೂತೆ. ಮೇಷ್ಟ್ರು ಹೆಚ್ಚು ಬದಲಾಗಿರಲಿಲ್ಲ. ಜೇಬಿನಲ್ಲಿ ಎರಡು ಪೆನ್ನು. ಮನೆಯವರ ಆರೋಗ್ಯ, ಅತ್ತೆಯ ಮಂಡಿನೋವು, ಪೇರಲೆ ಅಜ್ಜಿ ಎಲ್ಲ ಕೇಳಿದರು. ಒಪ್ಪಿಗೆ ಪತ್ರ ಮುಂದಿಟ್ಟೆ. ಓದಿ, ಅದರ ಮೇಲೆ ಕೈ ಇಟ್ಟುಕೊಂಡು ಕೂತರು. ಕೈ ತೆಗೆಯಲು ಅವರಿಗೆ ಮನಸ್ಸಿರಲಿಲ್ಲ ಎನ್ನುವುದು ಯಾರಿಗಾದರೂ ಕಾಣುತ್ತಿತ್ತು.

“ಆಸೆ ಏನೋ ಇದೆ ರೀ. ಆದ್ರೆ ಹೆಂಗೆ ಬರ್ಲಿ? ನಾನಿನ್ನೂ ಬಾಗ್ಲ ಹೊರಗೇ ಇದೀನಲ್ಲ.”

“ಸಾರ್, ಅದು ಹೋದ ವರ್ಷದ್ದು.”

“ನಿಯಮದಲ್ಲಿ ವರ್ಷ ಇಲ್ಲ. ನಾಲ್ಕು ಬರೋ ತನಕ ಅಂತಿದೆ. ನೀವೇ ಟೈಪ್ ಮಾಡಿದ್ದು.”

ನನಗೂ ರೇಗಿತು. ಬೆಳಿಗ್ಗೆ ಐದೂವರೆಗೆ ಎದ್ದವಳು. “ಹಂಗಾದ್ರೆ ಬರೀರಿ ಸಾರ್ ಇನ್ನೊಂದ್ ಸಲ. ಅನಿವಾರ್ಯನೂ ಬೇಡ, ಗಿನಿವಾರ್ಯನೂ ಬೇಡ. ನೀವು ಆವತ್ತು ಬಸ್ ಸ್ಟ್ಯಾಂಡಲ್ಲಿ ಕೂತಿದ್ದನ್ನ ನಾನು ನೋಡಿದೀನಿ.”

ಮೇಷ್ಟ್ರ ಮುಖ ಸಣ್ಣದಾಯಿತು. “ನೋಡಿದ್ರಾ? ಮತ್ತೆ ಯಾಕೆ ಹೇಳ್ಲಿಲ್ಲ?”

“ನನ್ನನ್ನ ಯಾರೂ ಕೇಳ್ಲಿಲ್ಲ ಸಾರ್. ನಂದು ಸೀಲ್ ಒತ್ತೋ ಕೆಲಸ.”

ಅವರು ಸಾಲಿನಲ್ಲಿದ್ದವರಿಗೆಲ್ಲ ಮಧ್ಯಾಹ್ನದ ಮೇಲೆ ಬರಲು ಹೇಳಿ ಬರೆಯಲು ಕೂತರು. ಎರಡು ಗಂಟೆ ಬರೆದರು. ನಾನು ಡಬ್ಬಿ ಬಿಚ್ಚಿ ಚಪಾತಿ ತಿಂದೆ, ಅವರಿಗೂ ಎರಡು ಇಟ್ಟೆ, ಮುಟ್ಟಲಿಲ್ಲ. ಬರೆದು ಮುಗಿಸಿ ನನ್ನ ಮುಂದೆ ತಳ್ಳಿದರು. ಅರ್ಧ ಪುಟವಿತ್ತು. ಓದಿದೆ.

“ಒಂದು ಬಜ್ಜಿ ಅಂತ ಬರ್ದಿದೀರಿ. ನಾನು ನೋಡೋವಾಗ ಕಾಗದದಲ್ಲಿ ಮೂರು ತೊಟ್ಟಿತ್ತು ಸಾರ್.”

ತಿದ್ದಿದರು. ಒಪ್ಪಿಗೆ ಪತ್ರಕ್ಕೂ ಸಹಿ ಹಾಕಿದರು. “ಆ ಹುಡುಗಿ ನಾಲ್ಕು ಕೊಟ್ರೆ ಮಾತ್ರ ಇದನ್ನ ಕೊಡಿ. ಇಲ್ಲಾಂದ್ರೆ ಹರಿದಾಕಿ. ಅವಳ ಮೇಲೆ ಒತ್ತಾಯ ಮಾಡೋ ಹಾಗಿಲ್ಲ. ಕೆಲಸದ ವಿಷ್ಯ ಬಾಯಿ ಬಿಡೋ ಹಾಗಿಲ್ಲ” ಎಂದರು.

ಸೆಮಿಸ್ಟರ್ ರಜೆಯಾದ್ದರಿಂದ ಹಾಲಮ್ಮ ಕಾಲೇಜಿನಲ್ಲಿರಲಿಲ್ಲ. ಸೊರಬದಿಂದಲೇ ಆರು ಸಲ ಅವಳಿಗೆ ಫೋನು ಮಾಡಿದೆ. ವ್ಯಾಪ್ತಿ ಪ್ರದೇಶದ ಹೊರಗೆ. ಎರಡೂವರೆಯ ಬಸ್ಸು ಹತ್ತಿದೆ. ಶಿರಾಳಕೊಪ್ಪ ಬರುವ ತನಕ ಹಾಗೇ. ಅಲ್ಲಿ ಮೂರು ಮುಕ್ಕಾಲಾಗಿತ್ತು. ಬಸ್ಸು ಹೊರಡುವ ಹೊತ್ತಿಗೆ ಅವಳೇ ಮಾಡಿದಳು.

“ಯಾರ್ರೀ ಅದು? ಆರು ಸಲ ಮಾಡೀರಿ!”

“ನಾನಮ್ಮ, ಕಾಲೇಜಿನ ಟಪಾಲ್ ಮೇಡಂ. ಎಲ್ಲಿದೀಯ?”

“ಅಂಬ್ಲಿಗೊಳದ ಡ್ಯಾಮ್ ಕೆಳಗೆ ಗದ್ದೇಲಿ ಗೊಬ್ಬರಕ್ಕೆ ಅಂತ ಕುರಿ ತರುಬೀವಿ ಮೇಡಂ. ಸಿಗ್ನಲ್ ಸಿಗಲ್ಲ. ಈಗ ಏರಿ ಮೇಲೆ ಹತ್ತಿ ನಿಂತೀನಿ. ಬೇಗ ಹೇಳ್ರಿ, ಕುರಿ ಅಲ್ಲೆ ಬಿಟ್ಟು ಬಂದೀನಿ.”

ಮೇಷ್ಟ್ರು ಕಾರಣ ಇನ್ನೊಮ್ಮೆ ಬರೆದಿದ್ದಾರೆ, ಕೇಳಿ ಅಂಕ ಕೊಡಬೇಕು ಎಂದೆ. “ಓದ್ರಿ” ಎಂದಳು. ಬಸ್ಸಿನ ಗಡಗಡದಲ್ಲಿ ಕೇಳಲಿಲ್ಲವೆಂದು ಎರಡು ಸಲ ಹೇಳಿಸಿದಳು. ನಾನು ಗಟ್ಟಿಯಾಗಿ ಓದತೊಡಗಿದೆ. ಮುಂದಿನ ಸೀಟಿನ ಹೆಂಗಸು ಮಗುವಿನ ಬಾಯಿಗೆ ಬಿಸ್ಕತ್ತು ಇಟ್ಟು ಸುಮ್ಮನಾಗಿಸಿದಳು.

‘ಆವತ್ತು ಬಸ್ಸು ಸರಿಯಾದ ಹೊತ್ತಿಗೆ ಬಂತು. ಒಂಬತ್ತಕ್ಕೇ ಶಿಕಾರಿಪುರದಲ್ಲಿ ಇಳಿದೆ. ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತೆ. ಮಂಡಕ್ಕಿ ತಿಂದೆ, ಮೂರು ಮೆಣಸಿನಕಾಯಿ ಬಜ್ಜಿ ತಿಂದೆ. ಹಸಿವಿರಲಿಲ್ಲ. ಕೈಗೊಂದು ಕೆಲಸ ಬೇಕಿತ್ತು.’

“ಅಕ್ಕಾ, ಸ್ವಲ್ಪ ಜೋರಾಗಿ ಓದ್ರಿ, ಹಿಂದಕ್ಕೆ ಕೇಳವಲ್ದು” ಎಂದ ಕಂಡಕ್ಟರು, ಟಿಕೆಟ್ಟು ಹರಿಯುವುದನ್ನು ಬಿಟ್ಟು.

‘ಹುಡುಗರು ಬರುವುದಿಲ್ಲವೆಂದು ನಾನು ಹೆದರಿರಲಿಲ್ಲ. ಹದಿನೈದು ಜನವೂ ಬಂದಿರುತ್ತಾರೆಂದು ಗೊತ್ತಿತ್ತು. ಅದಕ್ಕೇ ಹೆದರಿದೆ. ಅವರೆಲ್ಲ ಕೂತಿರುತ್ತಾರೆ, ಹಿಂದೆ ಇಬ್ಬರು ದೊಡ್ಡವರು ಕೂತಿರುತ್ತಾರೆ, ನಾನು ನಿಂತು ಕಲಿಸಬೇಕು. ನನಗೆ ಕಲಿಸಲು ಬರುವುದಿಲ್ಲ. ಇಷ್ಟು ವರ್ಷ ನಿಯಮಗಳನ್ನು ಮಾತ್ರ ಬರೆದಿದ್ದೇನೆ. ಅದು ಆವತ್ತು ಎಲ್ಲರಿಗೂ ಗೊತ್ತಾಗುತ್ತಿತ್ತು. ಕಾಲೇಜಿನ ಗಂಟೆ ಬಸ್ ಸ್ಟ್ಯಾಂಡಿಗೆ ಕೇಳಿಸುತ್ತದೆ. ಕೇಳಿಸಿತು. ಎದ್ದೆ. ಮತ್ತೆ ಕೂತೆ.’

ಮುಗಿಯಿತು ಎಂದೆ. ಫೋನಿನಲ್ಲಿ ಗಾಳಿಯ ಸದ್ದು, ದೂರದಲ್ಲಿ ಕುರಿಗಳ ಸದ್ದು.

“ಅಷ್ಟೇನಾ?” ಎಂದರು ಹಿಂದಿನ ಸೀಟಿನ ಅಜ್ಜ. “ಪಾಪ, ಹತ್ತಕ್ಕೆ ಹತ್ತು ಕೊಡಿಸ್ರಿ ಅತ್ಲಾಗೆ.”

“ಹಂಗೆಲ್ಲ ಕೊಡೋಕಾಗಲ್ಲ ಅಜ್ಜಾರೆ, ತಡ ಅಂದ್ರೆ ತಡಾನೇ” ಎಂದ ಕಂಡಕ್ಟರು. ಡ್ರೈವರು ತಿರುಗಿ ನೋಡಿ, “ನೀನು ಮಾತಾಡ್ಬ್ಯಾಡ, ಇವತ್ತು ಡಿಪೋಗೆ ಎಷ್ಟೊತ್ತಿಗೆ ಬಂದೆ ಹೇಳು” ಎಂದ. ಬಸ್ಸೆಲ್ಲ ನಕ್ಕಿತು. ನನಗೆ ಮಾತ್ರ ನಗು ಬರಲಿಲ್ಲ. ಕೆಲಸದ ವಿಷಯ ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ.

“ಹಾಲಮ್ಮಾ, ಇದೀಯೇನಮ್ಮ?”

“ಇದೀನಿ ಮೇಡಂ. ಇದ್ರಾಗೆ ಒಂದು ಸುಳ್ಳು ಐತೆ.”

“ಯಾವುದು ಮಾರಾಯ್ತಿ? ಮೂರು ಬಜ್ಜೀನೇ, ನಾನೇ ನೋಡಿದೀನಿ.”

“ಬಜ್ಜೀದಲ್ರಿ. ಕಲಿಸಾಕೆ ಬರಲ್ಲ ಅಂತ ಬರ್ದಾರಲ್ಲ, ಅದು. ಒಂದು ಸುಳ್ಳಿಗೆ ಎರಡು ಕಟ್. ಎಂಟು ಹಾಕ್ರಿ ಮೇಡಂ. ಕುರಿ ಗದ್ದೆ ಬಿಟ್ಟು ಹೊಂಟ್ವು, ಇಡ್ತೀನಿ.”

ಎಂಟು ಕಡಿಮೆಯಾಯಿತೆಂದು ಅಜ್ಜ ಶಿಕಾರಿಪುರ ಬರುವ ತನಕ ವಾದ ಮಾಡಿದರು. ನಾನು ಇಳಿದು ಕಾಲೇಜಿಗೆ ಓಡುತ್ತಲೇ ಹೋದೆ. ಪ್ರಿನ್ಸಿಪಾಲರು ಮೇಷ್ಟ್ರ ಕಾಗದವನ್ನು ನಿಂತೇ ಓದಿದರು, ಆಮೇಲೆ ಕೂತು ಓದಿದರು. “ಆವತ್ತು ನಾನೂ ಒಂಬತ್ತಕ್ಕೇ ಬಂದಿದ್ದೆ ಕಣಮ್ಮ. ಒಳಗೆ ಬರೋ ಧೈರ್ಯ ಸಾಲ್ದೆ ಅರ್ಧ ಗಂಟೆ ಸೈಕಲ್ ಸ್ಟ್ಯಾಂಡ್ ಹಿಂದೆ ನಿಂತಿದ್ದೆ” ಎಂದರು. ಬೇರೇನೂ ಹೇಳದೆ ಪಟ್ಟಿಯಲ್ಲಿ ಹೆಸರು ಬರೆದು ಕಳಿಸಿದರು.

ಐದು ಹೊಡೆದ ಕೂಡಲೇ ಸೊರಬಕ್ಕೆ ಫೋನು ಮಾಡಿದೆ. ಒಂದೇ ರಿಂಗಿಗೆ ಎತ್ತಿದರು.

“ಎಂಟು ಬಂತು ಸಾರ್.”

“ಎರಡು ಯಾಕೆ ಹೋಯ್ತು?”

ಅವಳು ಹೇಳಿದ್ದನ್ನು ಅವಳ ಮಾತಲ್ಲೇ ಹೇಳಿದೆ. ಪಕ್ಕದಲ್ಲಿ ಯಾರೋ “ಅಯ್ಯ, ನಂದೊಂದು ಅರ್ಜಿ” ಎನ್ನುತ್ತಿದ್ದರು.

“ಅದು ಸುಳ್ಳಲ್ಲ ರೀ” ಎಂದರು ಮೇಷ್ಟ್ರು. ಮೂಗು ಒರೆಸಿಕೊಂಡ ಸದ್ದು. “ಆಗ್ಲಿ ಬಿಡಿ. ಅಂಕದ ಬಗ್ಗೆ ಜಗಳ ಮಾಡೋ ಹಾಗಿಲ್ಲ. ಸೋಮವಾರ ಬರ್ತೀನಿ.”

ಮನೆಗೆ ಬಂದು ಸಾರಿಗೆ ಒಗ್ಗರಣೆ ಹಾಕಿದೆ. ಅನ್ನ, ಹೆಸರುಕಾಳಿನ ಸಾರು, ಸುಟ್ಟ ಹಪ್ಪಳ. ಅತ್ತೆಗೆ ಹಪ್ಪಳ ಬೇಡವೆಂದು ಮಜ್ಜಿಗೆಗೆ ಇಂಗು ಹಾಕಿಕೊಟ್ಟೆ. ಬಡಿಸುತ್ತಾ ಯಜಮಾನರಿಗೆ ಬಸ್ಸಿನ ಕಥೆ ಹೇಳತೊಡಗಿದೆ. ಶಿರಾಳಕೊಪ್ಪ ದಾಟುವಷ್ಟರಲ್ಲಿ ಅವರು ಗೋಡೆಗೊರಗಿ ನಿದ್ದೆ ಹೋಗಿದ್ದರು. “ಅವ್ನು ಮಲಗ್ಲಿ ಬಿಡೇ, ಆ ಹುಡುಗಿ ಎಷ್ಟು ಕೊಟ್ಳು ಹೇಳು” ಎಂದರು ಅತ್ತೆ. ಹೇಳಿದೆ. ಆಮೇಲೆ ಅವರೂ ಮಲಗಿದರು.